ಏಸ್‌ಪ್ರೈಟ್: ಐದು ಮಳೆಗಾಲ ಬಳಸಿದ ಮೇಲೆ

ನಮ್ಮ ಆಟದ ನಾಯಕ ಗೊರಬು (ಮಳೆಗೆ ತಲೆಯಿಂದ ಬೆನ್ನಿಗೆ ಹೊದೆಯುವ ಮಲೆನಾಡಿನ ಹೊದಿಕೆ) ಹೊದ್ದ ಒಬ್ಬ ಹುಡುಗ. 16 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ, ಅಷ್ಟೇ ಅವನು. ಆಟ ಕಟ್ಟುತ್ತಿರುವವರು ನಾವಿಬ್ಬರು: ಕೋಡ್ ಗೆಳೆಯನದು, ಚಿತ್ರ ನನ್ನದು. ಹಗಲು ಕೆಲಸ ಮುಗಿಸಿ, ರಾತ್ರಿ ಊಟವಾದ ಮೇಲೆ ಒಂದೆರಡು ಗಂಟೆ ಕೂತು, ಐದು ವರ್ಷದಲ್ಲಿ ಆ ಹುಡುಗನಿಗೆ ನಡೆಯಲು, ಹಳ್ಳ ಹಾರಲು, ಜಾರಿ ಬಿದ್ದು ಏಳಲು ಕಲಿಸಿದ್ದೇನೆ. ಅದೆಲ್ಲ ಆಗಿದ್ದು, ಪಿಕ್ಸೆಲ್ ಪಿಕ್ಸೆಲ್ ಆಗಿ ಚಿತ್ರ ಬರೆದು ಚಲನೆ ಕೊಡುವ ಏಸ್‌ಪ್ರೈಟ್ ಎಂಬ ಒಂದೇ ತಂತ್ರಾಂಶದಲ್ಲಿ. ಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇದರಲ್ಲಿ ನೂರಾರು ಸೌಲಭ್ಯಗಳಿವೆ. ನನಗೆ ಅನಿಮೇಷನ್ ಕಲಿಸಿದ್ದು ಎರಡೇ. ಒಂದು, ಪ್ರತಿ ಫ್ರೇಮ್, ಅಂದರೆ ಚಲನೆಯ ಒಂದೊಂದು ಬಿಡಿ ಚಿತ್ರ, ಎಷ್ಟು ಮಿಲಿಸೆಕೆಂಡ್ ನಿಲ್ಲಬೇಕೆಂದು ಬರೆಯುವ ಚಿಕ್ಕ ಜಾಗ. ಇನ್ನೊಂದು, ಮೂಲೆಯಲ್ಲಿ ಚಿತ್ರವನ್ನು ಅದರ ನಿಜವಾದ ಅಳತೆಯಲ್ಲಿ ಓಡಿಸುತ್ತಲೇ ಇರುವ ಪ್ರಿವ್ಯೂ ಕಿಟಕಿ.

ಮೊದಲನೆಯದನ್ನು ಹೇಳುತ್ತೇನೆ. ನಾವೇ ಬದಲಿಸದಿದ್ದರೆ ಪ್ರತಿ ಫ್ರೇಮಿಗೂ 100 ಮಿಲಿಸೆಕೆಂಡ್ ತಾನಾಗಿಯೇ ಬರುತ್ತದೆ. ಶುರುವಿನಲ್ಲಿ ನಾನು ಅದನ್ನು ಮುಟ್ಟುತ್ತಿರಲಿಲ್ಲ. ಹುಡುಗ ಕತ್ತಿ ಬೀಸಿ ಮುಳ್ಳುಪೊದೆ ಸವರುವ ದೃಶ್ಯಕ್ಕೆ ಎಂಟು ಫ್ರೇಮ್ ಬರೆದೆ. ಒಂದೊಂದು ಚಿತ್ರವೂ ಚೆನ್ನಾಗಿತ್ತು, ಓಡಿಸಿದರೆ ಕೈಗೆ ಬಲವೇ ಇರಲಿಲ್ಲ. ಹದಿನೈದು ದಿನ ಇನ್ನಷ್ಟು ಫ್ರೇಮ್ ಸೇರಿಸುತ್ತಾ ಹೋದೆ, ಹೊಡೆತ ಇನ್ನಷ್ಟು ನೀರಾಯಿತು. ಕೊನೆಗೆ ಎಲ್ಲ ಅಳಿಸಿ ನಾಲ್ಕೇ ಉಳಿಸಿಕೊಂಡೆ. ಕತ್ತಿ ಎತ್ತಿ ಹಿಂದಕ್ಕೆ ಬಾಗಿದ ಭಂಗಿಗೆ 250 ಮಿಲಿಸೆಕೆಂಡ್. ಬೀಸುವ ಗಳಿಗೆಯಲ್ಲಿ ಕತ್ತಿಯೇ ಕಾಣದೆ ಬರೀ ಬಿಳಿ ಕಮಾನೊಂದು ಎಳೆದ ಫ್ರೇಮಿಗೆ 50. ಮುಗಿದ ಭಂಗಿ 200 ನಿಲ್ಲಲಿ, ಆಮೇಲೆ ಮೊದಲಿನಂತೆ ನೆಟ್ಟಗಾಗಲು 100. ಅವತ್ತು ರಾತ್ರಿ ಆ ಹೊಡೆತಕ್ಕೆ ತೂಕ ಬಂತು. ಚಿತ್ರಗಳಲ್ಲಿ ಒಂದು ಗೆರೆಯನ್ನೂ ನಾನು ತಿದ್ದಿರಲಿಲ್ಲ.

ಇಲ್ಲಿ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ 50 ಮಿಲಿಸೆಕೆಂಡ್ ಎಂದರೆ ಸರಿಯಾಗಿ ಮೂರು ಬದಲಾವಣೆ, 100 ಎಂದರೆ ಆರು. 40 ಎಂದು ಕೊಟ್ಟರೆ ಒಂದು ಸಲ ಎರಡು, ಇನ್ನೊಂದು ಸಲ ಮೂರು ಎಂದು ಏರುಪೇರಾಗಿ, ನಡಿಗೆಯಲ್ಲಿ ಸಣ್ಣ ತಡವರಿಕೆ ಕಾಣುತ್ತದೆ. ಐವತ್ತರ ಗುಣಕಗಳಲ್ಲೇ ಇರಿ.

ಪ್ರಿವ್ಯೂ ಕಿಟಕಿಯ ಉಪಕಾರ ಬೇರೆ ಬಗೆಯದು. ಎಂಟು ಪಟ್ಟು ಹಿಗ್ಗಿಸಿಕೊಂಡು ಕೂತಾಗ ಕಣ್ಣಿಗೆ ಮೋಸವಾಗುತ್ತದೆ. ಅಂಗಿಯ ಗುಂಡಿ, ಹುಬ್ಬು, ಬೆರಳು ಎಂದು ಬರೆಯುತ್ತಾ ಹೋಗುತ್ತೇವೆ. ಮೂಲೆಯಲ್ಲಿ ನಿಜ ಗಾತ್ರದಲ್ಲಿ ನೋಡಿದರೆ ಅದೆಲ್ಲ ಬರೀ ಕೊಳೆ. 1981ರ ಡಾಂಕಿ ಕಾಂಗ್ ಆಟದಲ್ಲಿ ಅದರ ವಿನ್ಯಾಸಕ ಮಿಯಾಮೊಟೊ ಮಾರಿಯೊಗೆ ಟೋಪಿ, ಮೀಸೆ ಕೊಟ್ಟಿದ್ದು ಇದೇ ಕಾರಣಕ್ಕೆ: ಅಷ್ಟು ಕಡಿಮೆ ಪಿಕ್ಸೆಲ್‌ನಲ್ಲಿ ಕೂದಲು ಹಾರುವುದನ್ನು ತೋರಿಸುವುದು ಕಷ್ಟ, ಬಾಯಿ ಬರೆಯಲು ಜಾಗವಿಲ್ಲ. ನಮ್ಮ ಹುಡುಗನಿಗೆ ಗೊರಬು ಬಂದಿದ್ದೂ ಹಾಗೇ. ಮೊದಲು ಅವನಿಗೆ ಕೊಡೆ ಕೊಟ್ಟಿದ್ದೆ. ಕೊಡೆಯ ಕಡ್ಡಿ ಒಂದು ಪಿಕ್ಸೆಲ್ ದಪ್ಪ, ನಡೆದಾಗ ಅದು ಮುರಿದಂತೆ ಕುಣಿಯುತ್ತಿತ್ತು. ತಲೆಯಿಂದ ಬೆನ್ನಿಗೆ ಇಳಿದ ಗೊರಬಿನ ಕಪ್ಪು ಆಕಾರವನ್ನು ಬರೆದ ದಿನ, ಒಳಗೆ ಒಂದು ಗೆರೆ ಎಳೆಯದೆಯೂ, ತೀರ್ಥಹಳ್ಳಿ ಕಡೆಯ ನನ್ನ ಅತ್ತೆ ದೂರದಿಂದ ನೋಡಿ, “ಗೊರಬು ಹಾಕ್ಕೊಂಡು ಗದ್ದೆಗೆ ಹೊಂಟಂಗಿದೆ ಕಣೋ” ಎಂದರು. ಇನ್ನು ಅದನ್ನು ಬದಲಿಸುವ ಮಾತೇ ಇರಲಿಲ್ಲ.

ಉಸಿರಾಟ ಮಾತ್ರ ಬಹಳ ಕಾಡಿತು. ಐದಡಿ ಆಳು 24 ಪಿಕ್ಸೆಲ್ ಆದರೆ ಒಂದು ಪಿಕ್ಸೆಲ್ ಅಂದರೆ ಎರಡೂವರೆ ಇಂಚು. ನಿಂತಲ್ಲೇ ಉಸಿರಾಡುವವನ ಎದೆ ಎರಡೂವರೆ ಇಂಚು ಏರಿದರೆ ಅವನು ಏದುಸಿರು ಬಿಟ್ಟಂತೆ ಕಾಣುತ್ತದೆ. ಇದಕ್ಕೆ ಹಳೆಯ ಆಟಗಳ ಚಿತ್ರಕಾರರ ಉಪಾಯವೊಂದಿದೆ. ಗೆರೆಯನ್ನು ಸರಿಸುವುದಿಲ್ಲ, ಅದರ ಪಕ್ಕದ ಪಿಕ್ಸೆಲ್‌ನ ಬಣ್ಣವನ್ನು ಒಂದು ಮೆಟ್ಟಿಲು ತಿಳಿಯಾಗಿಸುವುದು. ಅರ್ಧ ಪಿಕ್ಸೆಲ್ ಸರಿದಂತೆ ಕಣ್ಣು ನಂಬುತ್ತದೆ. ಆನಿಯನ್ ಸ್ಕಿನ್ ಹಾಕಿಕೊಂಡರೆ ಹಿಂದಿನ ಮುಂದಿನ ಫ್ರೇಮ್‌ಗಳು ಮಸುಕಾಗಿ ಕಾಣುತ್ತವೆ, ಎಲ್ಲಿ ಬಣ್ಣ ಏರಿಸಬೇಕು ಎಂಬುದು ಆಗ ತಿಳಿಯುತ್ತದೆ. ಕಾಲುಗಳು ಕದಲುವುದಿಲ್ಲವಾದ್ದರಿಂದ ಅವುಗಳ ಪದರವನ್ನು ಉಸಿರಾಟದ ನಾಲ್ಕೂ ಫ್ರೇಮ್‌ಗಳಿಗೆ ಲಿಂಕ್ ಮಾಡಿಟ್ಟಿದ್ದೇನೆ. ಒಂದರಲ್ಲಿ ತಿದ್ದಿದರೆ ನಾಲ್ಕರಲ್ಲೂ ತಿದ್ದಿದಂತೆ.

ಬಣ್ಣದ ವಿಷಯದಲ್ಲಿ ನಾನೇ ಮಾಡಿಕೊಂಡ ತಪ್ಪೊಂದನ್ನು ಹೇಳಲೇಬೇಕು. ಮೊದಲ ಏಳೆಂಟು ತಿಂಗಳು ಆರ್‌ಜಿಬಿ ಮೋಡ್‌ನಲ್ಲಿ ಮನಸ್ಸಿಗೆ ಬಂದ ಬಣ್ಣ ತೆಗೆದುಕೊಂಡು ಬರೆದೆ. ಆಮೇಲೆ ಚಿತ್ರದಿಂದಲೇ ಪ್ಯಾಲೆಟ್ (ಬಣ್ಣಗಳ ಪಟ್ಟಿ) ತೆಗೆಯುವ ಆಯ್ಕೆ ಒತ್ತಿದಾಗ ಹುಡುಗನೊಬ್ಬನಲ್ಲೇ 61 ಬಣ್ಣ! ನಿಂಟೆಂಡೊದ ಹಳೆಯ ಎಂಟು ಬಿಟ್ ಯಂತ್ರದಲ್ಲಿ ಒಂದು ಸ್ಪ್ರೈಟ್‌ಗೆ (ಪರದೆಯ ಮೇಲೆ ಚಲಿಸುವ ಚಿತ್ರಕ್ಕೆ) ಸಿಗುತ್ತಿದ್ದುದು ಮೂರು ಬಣ್ಣ ಮತ್ತು ಪಾರದರ್ಶಕ. ಗೇಮ್ ಬಾಯ್‌ನಲ್ಲಿ ಇಡೀ ಪರದೆಗೇ ನಾಲ್ಕು ಛಾಯೆ. ಹಳೆಯ ಕಾಲದ ಚಹರೆ ಬರುವುದು ಪಿಕ್ಸೆಲ್ ದಪ್ಪಗಿರುವುದರಿಂದಲ್ಲ, ಆ ಬಡತನದಿಂದ. ಎರಡು ತಿಂಗಳು ಕೂತು ಎಲ್ಲವನ್ನೂ ಇಂಡೆಕ್ಸ್ಡ್ ಮೋಡ್‌ಗೆ, 16 ಬಣ್ಣಗಳಿಗೆ ಇಳಿಸಿದೆ. ಈ ಮೋಡ್‌ನಲ್ಲಿ ಪಿಕ್ಸೆಲ್ ನೆನಪಿಡುವುದು ಬಣ್ಣವನ್ನಲ್ಲ, ಬಣ್ಣದ ಸಂಖ್ಯೆಯನ್ನು. ಹಾಗಾಗಿ ಪ್ಯಾಲೆಟ್‌ನಲ್ಲಿ ಒಂದು ಹಸಿರನ್ನು ನೀಲಿ ಕಡೆಗೆ ತಿರುಗಿಸಿದರೆ ಚಿತ್ರದ ಅಡಿಕೆ ತೋಟವೆಲ್ಲ ಒಮ್ಮೆಗೇ ಸಂಜೆಯಾಗುತ್ತದೆ. ಮೊದಲ ಸಲ ಅದನ್ನು ನೋಡಿದಾಗಿನ ಸಂತೋಷ ನನಗಿನ್ನೂ ಹಸಿಯಾಗಿದೆ.

1.3ನೇ ಆವೃತ್ತಿಯಲ್ಲಿ ಟೈಲ್‌ಮ್ಯಾಪ್ ಪದರ (ಚಿಕ್ಕ ಚೌಕಗಳನ್ನು ಮತ್ತೆ ಮತ್ತೆ ಜೋಡಿಸಿ ದೃಶ್ಯ ಕಟ್ಟುವ ಪದರ) ಬಂತು, ಒಂದು ಹಂಚು ತಿದ್ದಿದರೆ ಊರ ಹಂಚೆಲ್ಲ ತಿದ್ದುತ್ತದೆ. ನಮ್ಮ ಪರದೆ 320×180, ಆರು ಪಟ್ಟು ಹಿಗ್ಗಿಸಿದರೆ ಸರಿಯಾಗಿ 1920×1080. ನಾವು ಆಟ ಕಟ್ಟುವ ಗೋಡೋ ಎಂಜಿನ್‌ನಲ್ಲಿ, ಚಿತ್ರ ಹಿಗ್ಗಿಸುವ ಬಗೆಯನ್ನು ಆರಿಸುವ ಟೆಕ್ಸ್ಚರ್ ಫಿಲ್ಟರ್ ಅನ್ನು ನಿಯರೆಸ್ಟ್‌ಗೆ ಇಡಲು ಮರೆಯಬೇಡಿ, ಮರೆತರೆ ಎಲ್ಲವೂ ಮಂಜು. ಎಲ್ಲ ಫ್ರೇಮ್‌ಗಳನ್ನೂ ಒಂದೇ ಚಿತ್ರದಲ್ಲಿ ಜೋಡಿಸಿದ ಸ್ಪ್ರೈಟ್ ಶೀಟ್ ಜೊತೆಗೆ ಬರುವ, ವಿವರಗಳಿರುವ ಜೇಸನ್ ಕಡತದಲ್ಲಿ ಟ್ಯಾಗ್‌ಗಳ (ನಡಿಗೆ, ಜಿಗಿತದಂಥ ಫ್ರೇಮ್ ಗುಂಪುಗಳ) ಹೆಸರೂ ಮಿಲಿಸೆಕೆಂಡ್‌ಗಳೂ ಇರುತ್ತವೆ. ಕಮಾಂಡ್ ಲೈನ್‌ನಿಂದಲೂ ಶೀಟ್ ತೆಗೆಯಬಹುದು. ಗೆಳೆಯ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿಟ್ಟಿದ್ದಾನೆ, ಈಗ ನಾನು ಉಳಿಸಿದ್ದು ಆಟದಲ್ಲಿ ತಾನೇ ಬದಲಾಗುತ್ತದೆ.

ಕನ್ನಡ ಅಕ್ಷರಗಳನ್ನೂ ಇದರಲ್ಲೇ ಬರೆದೆ, ಅದು ಬೇರೆಯೇ ತಪಸ್ಸು. ಇಂಗ್ಲಿಷಿಗೆ 8 ಪಿಕ್ಸೆಲ್ ಎತ್ತರ ಸಾಕು. ನಮಗೆ ತಲೆಕಟ್ಟು, ಗುಡಿಸು ಮೇಲೆ ಬೇಕು, ಒತ್ತು ಕೆಳಗೆ ಬೇಕು. ಅಕ್ಷರಕ್ಕೆ 9, ಒತ್ತಕ್ಷರಕ್ಕೆ 6, ಸಾಲಿನ ನಡುವೆ 1, ಹೀಗೆ 16ಕ್ಕೆ ತಂದು ನಿಲ್ಲಿಸಿದೆ. ‘ಥ’ಕ್ಕೂ ‘ಧ’ಕ್ಕೂ ನಡುವೆ ಇರುವುದು ಹೊಟ್ಟೆಯ ಒಂದೇ ಒಂದು ಪಿಕ್ಸೆಲ್. ಪ್ರತಿ ಅಕ್ಷರವನ್ನೂ ಸ್ಲೈಸ್ ಮಾಡಿ (ಅದರ ಚೌಕ ಗುರುತಿಸಿ) ಹೆಸರಿಟ್ಟರೆ ಅದರ ಜಾಗದ ವಿವರವೂ ಜೇಸನ್‌ನಲ್ಲಿ ಹೋಗುತ್ತದೆ, ಜೋಡಿಸುವ ಕೆಲಸ ಕೋಡಿನದು.

ಇದು ಯಾರಿಗೆ ಒಗ್ಗುವುದಿಲ್ಲ? ಮೂಳೆ ಕಟ್ಟಿ ಕೈಕಾಲು ಆಡಿಸುವ ಸೌಲಭ್ಯ ಬೇಕೆನ್ನುವವರಿಗೆ; ಇಲ್ಲಿ ಎಲ್ಲವೂ ಫ್ರೇಮ್ ಫ್ರೇಮಾಗಿ ಕೈಯಲ್ಲೇ. ಧ್ವನಿಗೆ ತಾಳೆ ಹಾಕಿ ಅನಿಮೇಟ್ ಮಾಡುವವರಿಗೂ ಅಲ್ಲ, ಟೈಮ್‌ಲೈನ್‌ನಲ್ಲಿ ಧ್ವನಿಯ ಸಾಲಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಬಿಟ್ಟರೆ ಫೋನು, ಐಪ್ಯಾಡ್‌ಗಳಿಗೆ ಬರುವುದಿಲ್ಲ.

ಬೆಲೆ 19.99 ಡಾಲರ್, ಒಮ್ಮೆ ಕೊಟ್ಟರೆ ಸಾಕು, ತಿಂಗಳ ಚಂದಾ ಇಲ್ಲ. ಅರ್ಜೆಂಟೀನಾದ ಡೇವಿಡ್ ಕಪೆಲ್ಲೊ 2001ರಲ್ಲಿ ಶುರುಮಾಡಿದ ತಂತ್ರಾಂಶ ಇದು. 2016ರವರೆಗೆ ಮುಕ್ತ ಪರವಾನಗಿಯಲ್ಲಿತ್ತು. ಈಗಲೂ ಮೂಲ ಕೋಡ್ ತೆರೆದೇ ಇದೆ, ಸ್ವಂತ ಬಳಕೆಗೆ ನೀವೇ ಕಂಪೈಲ್ ಮಾಡಿಕೊಳ್ಳಬಹುದು (ಕೋಡನ್ನು ಓಡುವ ತಂತ್ರಾಂಶವಾಗಿಸಿಕೊಳ್ಳಬಹುದು), ಹಂಚುವಂತಿಲ್ಲ. ಓದುವ ಮಕ್ಕಳಿಗೆ ಡಾಲರ್ ಲೆಕ್ಕ ಭಾರ ಎಂಬುದು ನನಗೆ ಗೊತ್ತು. ಅವರಿಗೆ ಲಿಬ್ರೆಸ್ಪ್ರೈಟ್, ಪಿಕ್ಸೆಲೊರಾಮ ಇವೆ, ಎರಡೂ ಉಚಿತ. ಏಸ್‌ಪ್ರೈಟ್‌ನ ಪ್ರಯೋಗ ಆವೃತ್ತಿಯಲ್ಲಿ ಕಡತ ಉಳಿಸಲು ಆಗದು. ಆದರೂ ಒಂದು ಸಂಜೆ ಅದರಲ್ಲಿ ಕೂತು, ಮೂರೇ ಫ್ರೇಮ್‌ನಲ್ಲಿ ಸೂರಿನಿಂದ ಬೀಳುವ ಒಂದು ಹನಿ ಬರೆಯಿರಿ. ಹನಿ ಜೋತುಬಿದ್ದಿರುವ ಫ್ರೇಮಿಗೆ 600 ಕೊಡಿ, ಬೀಳುವುದಕ್ಕೆ 50, ನೆಲಕ್ಕೆ ತಾಗಿ ಸಿಡಿಯುವುದಕ್ಕೆ 100. ಆಮೇಲೆ ಪ್ರಿವ್ಯೂ ಕಿಟಕಿ ನೋಡಿ.