ತೋಟದ ಕುರ್ಚಿಗೆ ಫೆವಿಕಾಲ್ ಮೆರೈನ್

ಮನೆಯೊಳಗಿನ ಕುರ್ಚಿಯ ಸಂದು ಅಂಟಿಸಲು ಮಾಮೂಲಿ ಮರದಂಟು ಫೆವಿಕಾಲ್ ಎಸ್‌ಎಚ್ ಧಾರಾಳವಾಗಿ ಸಾಕು. ಇರಿಚಲು ಹೊಡೆಯುವ ಜಗಲಿಗೆ, ತೋಟಕ್ಕೆ ನೀರು ತಡೆಯುವ ಮೆರೈನ್ ಡಬ್ಬಿಯೇ ಬೇಕು. ತೇವಕ್ಕೆ ಸಂದು ಬೇಗ ಸಡಿಲವಾಗುವುದಿಲ್ಲ.

ತೇಗದಲ್ಲಿ ಮಾತ್ರ ಎಚ್ಚರ. ಆ ಮರದ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ. ಸಂದಿನ ಮೈಯನ್ನು 120 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಅಸಿಟೋನ್ ಹಾಕಿದ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಅಂಟಿಸಿ. ಹೊತ್ತಾದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಕಾಲಿನ ತೂತಿಗೂ ಅಡ್ಡಪಟ್ಟಿಯ ತುದಿಗೂ ತೆಳುವಾಗಿ ಹಚ್ಚಬೇಕು. ಸಂದನ್ನು ಒತ್ತಿ ಹಿಡಿಯುವ ಕ್ಲಾಂಪ್ ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಹೋಗಿ ಸಂದು ಬರಿದಾಗುತ್ತದೆ. ಅಂಚಿನಲ್ಲಿ ಸಣ್ಣ ಮಣಿಗಳಂತೆ ಇಣುಕಿದರೆ ಬಿಗಿ ಸರಿಯಿದೆ. 24 ಗಂಟೆ ಯಾರೂ ಕೂರಬಾರದು.

ಸಡಿಲವಾಗಿ ಕೊರೆದ ಸಂದನ್ನು ಮೆರೈನ್ ತುಂಬಲಾರದು, ಅಲ್ಲಿಗೆ ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟೇ ಗತಿ. ನೆಲದ ನೀರು ಹೀರುವ ಕಾಲಿನ ಬುಡಕ್ಕೂ ಎಪಾಕ್ಸಿ ಸವರಿ.