ಬೆರಳಿನ ಆಕ್ಸಿಮೀಟರ್: ಐದು ವರ್ಷ ಬಳಸಿದ ಮೇಲೆ

ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ಅಂಕಿಯಲ್ಲಿ ತೋರಿಸುವ ಯಂತ್ರವೇ ಆಕ್ಸಿಮೀಟರ್. 2020ರ ಕೊರೊನಾ ಕಾಲದಲ್ಲಿ ಕೊಂಡದ್ದು ಚಿಕ್ಕಬಳ್ಳಾಪುರದ ಮನೆಯಲ್ಲಿ ಇವತ್ತಿಗೂ ಸರಿಯಾಗಿ ಕೆಲಸ ಮಾಡುತ್ತಿದೆ. 5ಕ್ಕೆ 4 ಅಂಕ ಧಾರಾಳವಾಗಿ ಕೊಡಬಹುದು. ತಪ್ಪಾಗುವುದೆಲ್ಲ ಹೆಚ್ಚಾಗಿ ನೋಡುವವರ ಅವಸರದಿಂದ.

ಬೆರಳು ಇಟ್ಟ ಕೂಡಲೇ ಕಾಣುವ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಐದು ನಿಮಿಷ ಸುಮ್ಮನೆ ಕೂತು, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಉಗುರು ಮೇಲೆ ಬರುವಂತೆ ನಡುಬೆರಳನ್ನು ಒಳಗಿನ ತುದಿ ಮುಟ್ಟುವವರೆಗೆ ಇಡಿ. ಪರದೆಯ ಪಕ್ಕದಲ್ಲಿ ಏರಿಳಿಯುವ ಪಟ್ಟಿ ಒಂದೇ ಲಯಕ್ಕೆ ಬರಬೇಕು. ಅದು ತಡವರಿಸುತ್ತಿದ್ದರೆ ಅಂಕಿಯೂ ಸುಳ್ಳೇ. ಒಂದು ನಿಮಿಷ ಕಾದು, ನಿಂತ ಅಂಕಿಯನ್ನು ಬರೆದುಕೊಳ್ಳಿ. ಅದು ತೋರಿಸುವ ನಾಡಿಬಡಿತಕ್ಕೂ ಮಣಿಕಟ್ಟು ಹಿಡಿದು ಎಣಿಸಿದ್ದಕ್ಕೂ ತಾಳೆಯಾಗದಿದ್ದರೆ ಬೆರಳು ಬದಲಿಸಿ.

ಇದು ಬೆರಳಿನ ಮೂಲಕ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ಹಾಯಿಸಿ ಅಳೆಯುತ್ತದೆ. ಹಾಗಾಗಿ ಧನುರ್ಮಾಸದ ಮುಂಜಾನೆ ನಂದಿ ಬೆಟ್ಟದ ಕಡೆಯ ಚಳಿಗೆ ಬೆರಳು ತಣ್ಣಗಾಗಿ ರಕ್ತದ ಓಡಾಟ ತಗ್ಗಿದ್ದರೆ ಅಂಕಿ ಎಲ್ಲೆಲ್ಲೋ ಹೋಗುತ್ತದೆ. ನೈಲ್ ಪಾಲಿಶ್, ಕಪ್ಪಗೆ ಹತ್ತಿದ ಗೋರಂಟಿ, ಜಗುಲಿಯ ನೇರ ಬಿಸಿಲು, ಇವೂ ಅಡ್ಡಿಯೇ. ಮೈಬಣ್ಣ ಕಪ್ಪಿದ್ದವರಲ್ಲಿ ನಿಜಕ್ಕಿಂತ ತುಸು ಹೆಚ್ಚು ತೋರಿಸುವುದೂ ಉಂಟು. ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ತೆಗೆಯುವವರು ಇನ್ನೊಂದನ್ನು ತಿಳಿದಿರಬೇಕು. ಸೌದೆ ಒಲೆಯ ಹೊಗೆ ಕಟ್ಟಿಕೊಂಡ ಕೋಣೆಯಲ್ಲಿ ರಕ್ತಕ್ಕೆ ಕಾರ್ಬನ್ ಮೊನಾಕ್ಸೈಡ್ ಸೇರಿದರೆ, ಯಂತ್ರ ಅದನ್ನೇ ಆಮ್ಲಜನಕವೆಂದು ಎಣಿಸುತ್ತದೆ. ತಲೆ ಸುತ್ತುತ್ತಿದ್ದರೂ ಪರದೆಯಲ್ಲಿ 98 ಇರುತ್ತದೆ. ಆಗ ಮೊದಲು ಹೊರಗೆ ಗಾಳಿಗೆ ಬಂದು, ಆಮೇಲೆ ಆಸ್ಪತ್ರೆಗೆ ಹೋಗಬೇಕು.

ಒಂದೆರಡು ಅಂಕಿ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಆದ್ದರಿಂದ ನೋಟ್‌ಬುಕ್ ಇಡಿ. ಸೋಂಕಿನಿಂದ ಮನೆಯಲ್ಲೇ ಇರುವವರು ನಾಲ್ಕು ಗಂಟೆಗೊಮ್ಮೆ ಅಂಕಿ, ನಾಡಿ, ಜ್ವರ ಮೂರನ್ನೂ ಬರೆಯಲಿ. ನಿನ್ನೆ 98 ಇದ್ದದ್ದು ಇವತ್ತು ಪದೇಪದೇ 95 ಬರುತ್ತಿದ್ದರೆ ವೈದ್ಯರಿಗೆ ಹೇಳಿ. ಮತ್ತೆ ಮತ್ತೆ ನೋಡಿದರೂ 94ಕ್ಕಿಂತ ಕೆಳಗಿದ್ದರೆ ಏದುಸಿರು ಇಲ್ಲದಿದ್ದರೂ ಕಾಯಬೇಡಿ, ಕೊರೊನಾದಲ್ಲಿ ಉಸಿರಿನ ತೊಂದರೆ ಗೊತ್ತಾಗುವ ಮೊದಲೇ ಆಮ್ಲಜನಕ ಇಳಿದುಬಿಡಬಹುದು. ಆರಾಮಾಗಿ ಓಡಾಡುವವರು ಮನೆಯೊಳಗೇ ಆರು ನಿಮಿಷ ನಡೆದು ಮತ್ತೆ ಅಳೆಯಬಹುದು. ಮೂರು ಅಥವಾ ಹೆಚ್ಚು ಇಳಿದರೆ ಅದೂ ಎಚ್ಚರಿಕೆಯೇ. ಸುಸ್ತಿರುವ ವಯಸ್ಸಾದವರನ್ನು ಒಬ್ಬರೇ ನಡೆಯಲು ಬಿಡಬೇಡಿ.

ನಿರ್ವಹಣೆ ಹೆಚ್ಚೇನಿಲ್ಲ. ಎರಡು ಸಣ್ಣ ಟ್ರಿಪಲ್ ಎ ಸೆಲ್ಲು ಸಾಕು. ಬಳಸದ ದಿನಗಳಲ್ಲಿ ಸೆಲ್ಲು ತೆಗೆದಿಡಿ, ಸೋರಿದರೆ ತಗಡಿನ ತುದಿಗೆ ಬಿಳಿ ಪುಡಿ ಹಿಡಿದು ಯಂತ್ರವೇ ಸತ್ತುಹೋಗುತ್ತದೆ. ಒಬ್ಬರಿಂದ ಒಬ್ಬರಿಗೆ ಕೊಡುವ ಮುಂಚೆ ಒಳಗಿನ ರಬ್ಬರನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಒಣಗಿಸಿ, ಸ್ಯಾನಿಟೈಸರ್ ಸುರಿಯಬೇಡಿ. ಕಡಿತಗೊಳಿಸಿದ ಒಂದು ಅಂಕ ಕ್ಲಿಪ್ಪಿನ ಸ್ಪ್ರಿಂಗಿಗೆ. ಮೂರನೇ ವರ್ಷಕ್ಕೆ ಸಡಿಲಾಗಿ, ಸಣಕಲು ಬೆರಳಲ್ಲಿ ಜಾರುತ್ತದೆ, ಪುಟ್ಟ ಮಕ್ಕಳಿಗಂತೂ ಆಗುವುದೇ ಇಲ್ಲ.