ಕರುಣಾಶ್ರಯ, ಬೆಂಗಳೂರು: ಅಮ್ಮ "ಕೀಮೋ ಸಾಕು" ಅಂದ ಮೇಲೆ

ಐದಕ್ಕೆ ಐದು ಕೊಟ್ಟಿದ್ದೇನೆ. ಯಾಕೆ ಅಂತ ಹೇಳಲು ಸ್ವಲ್ಪ ಉದ್ದ ಬರೆಯಬೇಕು. ಮನೆಯಲ್ಲಿ ಕ್ಯಾನ್ಸರ್ ಇರುವವರು, "ಇನ್ನೊಂದು ಕೀಮೋ ಮಾಡಿಸೋಣವಾ ಬೇಡವಾ" ಅಂತ ರಾತ್ರಿ ನಿದ್ದೆ ಬಿಟ್ಟು ಫೋನ್ ನೋಡುತ್ತಿರುವವರು ದಯವಿಟ್ಟು ಪೂರ್ತಿ ಓದಿ. ನಾನೂ ಹಾಗೇ ಹುಡುಕಿದ್ದೆ. ಕನ್ನಡದಲ್ಲಿ ಏನೂ ಸಿಕ್ಕಿರಲಿಲ್ಲ.

ಜಾಗದ ಬಗ್ಗೆ ಮೊದಲು. ಮಾರತಹಳ್ಳಿ ದಾಟಿ ಕುಂದಲಹಳ್ಳಿ ಗೇಟ್ ಹತ್ತಿರ, ವರ್ತೂರು ರಸ್ತೆಯಲ್ಲಿದೆ. ಕ್ಯಾನ್ಸರ್ ವಾಸಿಯಾಗುವ ಹಂತ ದಾಟಿದವರಿಗೆ ಅಂತಲೇ ಇರುವ ಹಾಸ್ಪಿಸ್. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕದವರು ಮತ್ತು ಇಂದಿರಾನಗರದ ರೋಟರಿಯವರು ಸೇರಿ 1994ರಲ್ಲಿ ಟ್ರಸ್ಟ್ ಮಾಡಿದರು, 1999ರಲ್ಲಿ ಈ ಕೇಂದ್ರ ಶುರುವಾಯಿತು. ಒಳಗೆ ಸೇರಿಸಿಕೊಂಡೂ ನೋಡುತ್ತಾರೆ, ಮನೆಗೂ ಬರುತ್ತಾರೆ. ಎರಡಕ್ಕೂ ದುಡ್ಡಿಲ್ಲ. ಹಾಸಿಗೆ, ಊಟ, ಔಷಧಿ, ನರ್ಸು, ಯಾವುದಕ್ಕೂ ಇಲ್ಲ.

ಇನ್ನು ನಮ್ಮ ಕಥೆ.

ಅಮ್ಮನಿಗೆ 68. ತಿಪಟೂರಿನ ಹತ್ತಿರದ ಹಳ್ಳಿ ನಮ್ಮದು, ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆ ಕೆ.ಆರ್.ಪುರದಲ್ಲಿದ್ದರು. 2023ರಲ್ಲಿ ಹೊಟ್ಟೆ ಉಬ್ಬರ ಅಂತ ತೋರಿಸಲು ಹೋದಾಗ ಅಂಡಾಶಯದ ಕ್ಯಾನ್ಸರ್ ಅಂತ ಗೊತ್ತಾಯಿತು, ಅಷ್ಟರಲ್ಲಿ ಹೊಟ್ಟೆಯೊಳಗೆಲ್ಲ ಹರಡಿತ್ತು. ಆಪರೇಷನ್ ಆಯಿತು. ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ, 21 ದಿನಕ್ಕೊಮ್ಮೆ ಒಟ್ಟು ಆರು ಸಲ. ಚೆನ್ನಾಗಿಯೇ ಕೆಲಸ ಮಾಡಿತು. ಕೂದಲು ಮತ್ತೆ ಬಂತು, ಅಮ್ಮ ಮತ್ತೆ ಹೂ ಮುಡಿದರು. ಆದರೆ ಐದು ತಿಂಗಳಿಗೇ ವಾಪಸ್ ಬಂತು. ಆರು ತಿಂಗಳೊಳಗೆ ವಾಪಸ್ ಬಂದರೆ ಆ ಮೊದಲಿನ ಔಷಧಿಗೆ ಕಾಯಿಲೆ ಬಗ್ಗುತ್ತಿಲ್ಲ ಅಂತ ಅರ್ಥವಂತೆ. ಎರಡನೇ ಔಷಧಿ ಡಾಕ್ಸೋರುಬಿಸಿನ್, ನಾಲ್ಕು ವಾರಕ್ಕೊಂದು. ಅದು ಅಮ್ಮನ ಅಂಗೈ ಸುಲಿಯಿತು.

ಅಂಗೈ ಅಂದರೆ ನಿಜವಾಗಿ ಅಂಗೈ. ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ಬೆರಳ ಸಂದಿಯಿಂದ ಚರ್ಮ ಈರುಳ್ಳಿ ಸಿಪ್ಪೆ ಥರ ಏಳಲು ಶುರುವಾಯಿತು. ಬಿಸಿ ಕಾಫಿ ಲೋಟ ಹಿಡಿಯಲು ಆಗುತ್ತಿರಲಿಲ್ಲ, ಸೀರೆ ಸೆರಗಿನಲ್ಲಿ ಸುತ್ತಿ ಹಿಡಿಯುತ್ತಿದ್ದರು. ನಲವತ್ತು ವರ್ಷ ದಿನಾ ಬೆಳಗ್ಗೆ ದೇವರಿಗೆ ಹೂ ಕಟ್ಟಿದ ಕೈ ಅದು. ದಾರ ಎಳೆದರೆ ಬೆರಳು ಕೊಯ್ದಂತಾಗುತ್ತದೆ ಅಂತ ಬಿಡಿ ಹೂವನ್ನೇ ಇಡಲು ಶುರು ಮಾಡಿದರು. ಅದನ್ನು ನೋಡಿದ ದಿನ ನನಗೆ ಅನಿಸಿತ್ತು, ಇದು ಯಾಕೋ ಸರಿ ಹೋಗುತ್ತಿಲ್ಲ ಅಂತ. ಆದರೆ ಬಾಯಿ ಬಿಟ್ಟು ಹೇಳಲು ಧೈರ್ಯ ಇರಲಿಲ್ಲ.

2025ರ ಜನವರಿಯಲ್ಲಿ ಸ್ಕ್ಯಾನ್ ಮಾಡಿದರೆ ಕಾಯಿಲೆ ಜಾಸ್ತಿಯೇ ಆಗಿತ್ತು. ಆ ಆಸ್ಪತ್ರೆಯ ಹೆಸರು ಬೇಡ. ಡಾಕ್ಟರ್ ಮೂರನೇ ಔಷಧಿ ಬರೆದರು, ವಾರಕ್ಕೊಂದು, ಬರುವ ಸೋಮವಾರದಿಂದ ಶುರು ಅಂದರು. ನಾನು ಕೇಳಿದೆ, ಇದರಿಂದ ಎಷ್ಟು ಪ್ರಯೋಜನ ಆಗುತ್ತೆ ಸರ್ ಅಂತ. ಎರಡು ಸಲ ಕೇಳಿದ ಮೇಲೆ ಹೇಳಿದರು: ಈ ಹಂತದಲ್ಲಿ ನೂರು ಜನಕ್ಕೆ ಕೊಟ್ಟರೆ ಹತ್ತು ಹದಿನೈದು ಜನರಲ್ಲಿ ಗೆಡ್ಡೆ ಕುಗ್ಗುತ್ತದೆ, ಕಾಯಿಲೆ ತಡೆದು ನಿಲ್ಲುವುದು ಸಾಮಾನ್ಯವಾಗಿ ಮೂರ್ನಾಲ್ಕು ತಿಂಗಳು. ಮಾಡಿಸದೇ ಇದ್ದರೆ ಏನು ಮಾಡಬೇಕು ಅಂತ ಕೇಳಿದ್ದಕ್ಕೆ "ಮನೆಗೆ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊಳ್ಳಿ" ಅಂದರು. ಅಷ್ಟೇ. ಹೇಗೆ ನೋಡಿಕೊಳ್ಳುವುದು, ನೋವು ಬಂದರೆ ಯಾರಿಗೆ ಫೋನ್ ಮಾಡುವುದು, ಹೊಟ್ಟೆಯಲ್ಲಿ ನೀರು ತುಂಬಿದರೆ ಎಲ್ಲಿಗೆ ಹೋಗುವುದು, ಒಂದೂ ಇಲ್ಲ. ನಮ್ಮ ಮುಂದೆ ಎರಡೇ ಬಾಗಿಲು ಇದ್ದ ಹಾಗಿತ್ತು, ಒಂದು ಕೀಮೋ, ಇನ್ನೊಂದು ಕೈಬಿಡುವುದು. ಮನಸ್ಸಿರುವ ಯಾವ ಮಕ್ಕಳು ಎರಡನೆಯದನ್ನು ಆರಿಸಿಕೊಳ್ಳುತ್ತಾರೆ ಹೇಳಿ.

ಡೇ ಕೇರ್‌ನಲ್ಲಿ ಅಮ್ಮನ ಪಕ್ಕದ ಕುರ್ಚಿಗೆ ಕೀಮೋಗೆ ಬರುತ್ತಿದ್ದ ಕೋಲಾರದ ಕಡೆಯ ಹೆಂಗಸಿನ ಮಗ ನನಗೆ ಕರುಣಾಶ್ರಯದ ಹೆಸರು ಹೇಳಿದ್ದು. "ಸಾಯೋರನ್ನ ಬಿಟ್ಟು ಬರೋ ಜಾಗ" ಅಂತ ನನ್ನ ತಲೆಯಲ್ಲಿತ್ತು, ನಿಜ ಹೇಳುತ್ತೇನೆ. ನಮ್ಮ ದೊಡ್ಡಮ್ಮ ಅಂತೂ ಹೆಸರು ಕೇಳಿದ್ದೇ "ಥೂ, ಬಿಡ್ತು ಅನ್ನು" ಅಂದರು. ಹುಬ್ಬಳ್ಳಿಯಲ್ಲಿರುವ ತಮ್ಮ, ಸಾಲ ಮಾಡಿಯಾದರೂ ಕೀಮೋ ಮಾಡಿಸೋಣ ಅಕ್ಕ ಅಂತ ಅತ್ತ. ನಾನು ಸುಮ್ನೆ ಕೇಳಿ ಬರೋಣ ಅಂತ ರಿಪೋರ್ಟ್‌ಗಳ ಚೀಲ ಹಿಡಿದು ಒಬ್ಬಳೇ ಹೋದೆ.

ಒಳಗೆ ಹೋದರೆ ಮೊದಲು ಕಾಣುವುದು ಕಲ್ಲಿನ ಗೋಡೆ, ನೀರು, ಗಿಡ. ಫಿನಾಯಿಲ್ ವಾಸನೆ ಇಲ್ಲ. ಯಾರೂ ಓಡಾಡಿ ಗದ್ದಲ ಮಾಡುತ್ತಿರಲಿಲ್ಲ. ಡಾಕ್ಟರ್ ರಿಪೋರ್ಟ್‌ಗಳನ್ನು ಒಂದೊಂದಾಗಿ ನೋಡಿದರು, ಎಲ್ಲಾ ನೋಡಿ ಮುಗಿಸಿ ಕೇಳಿದ ಮೊದಲ ಪ್ರಶ್ನೆ ಇದು: "ಅಮ್ಮನಿಗೆ ಏನು ಇಷ್ಟ?" ನನಗೆ ಅರ್ಥ ಆಗಲಿಲ್ಲ. ಕೀಮೋ ಬಗ್ಗೆಯಾ ಅಂದೆ. ಅಲ್ಲ, ಅವರಿಗೆ ಈಗ ಏನು ಮಾಡಬೇಕು ಅಂತ ಆಸೆ ಇದೆ, ನೀವು ಕೇಳಿದ್ದೀರಾ ಅಂದರು. ಕೇಳಿರಲಿಲ್ಲ. ಹದಿನೆಂಟು ತಿಂಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ. ಕಾಯಿಲೆ ವಾಪಸ್ ಬಂದಿದೆ ಅಂತಲೂ ಅಮ್ಮನಿಗೆ ನಾವು ಹೇಳಿರಲಿಲ್ಲ, "ಸ್ವಲ್ಪ ಉಳಿದಿದೆ, ಅದಕ್ಕೇ ಔಷಧಿ" ಅಂದಿದ್ದೆವು.

ಅವರು ಕೀಮೋ ಬೇಡ ಅಂತ ಒಂದು ಮಾತೂ ಹೇಳಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ದೊಡ್ಡಮ್ಮನಿಗಿದ್ದ ಭಯ ತುಂಬಾ ಜನಕ್ಕಿದೆ. ನಿರ್ಧಾರ ಅಮ್ಮನದ್ದು, ನಾವು ಮನೆಗೆ ಬಂದು ಮಾತಾಡುತ್ತೇವೆ ಅಂದರು ಅಷ್ಟೇ. ಎರಡು ದಿನ ಬಿಟ್ಟು ನರ್ಸ್ ಮತ್ತು ಕೌನ್ಸೆಲರ್ ಬಂದರು. ಇಬ್ಬರೂ ಕನ್ನಡದವರೇ. ಕೌನ್ಸೆಲರ್ ನನ್ನನ್ನು ಮೆಲ್ಲಗೆ "ಅಕ್ಕಾ, ಒಂದು ಲೋಟ ನೀರು" ಅಂತ ಅಡುಗೆಮನೆಗೆ ಕಳಿಸಿ, ಅಮ್ಮನ ಹತ್ತಿರ ನೆಲದ ಮೇಲೆ ಕೂತು, ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಗೊತ್ತಮ್ಮ ಅಂತ ಕೇಳಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಅಮ್ಮ ಹೇಳಿದರು, "ನಂಗೆ ಗೊತ್ತಿಲ್ವೇನಮ್ಮ, ಈ ಹೊಟ್ಟೆ ಹೊತ್ಕೊಂಡು ಓಡಾಡೋಳು ನಾನು. ಮಕ್ಕಳಿಗೆ ಬೇಜಾರಾಗುತ್ತೆ ಅಂತ ಸುಮ್ನಿದೀನಿ."

ನಾವು ಅಮ್ಮನಿಗೋಸ್ಕರ ಮುಚ್ಚಿಟ್ಟಿದ್ದೆವು, ಅಮ್ಮ ನಮಗೋಸ್ಕರ. ಆ ದಿನ ನಾವಿಬ್ಬರೂ ತುಂಬಾ ಅತ್ತೆವು, ಆಮೇಲೆ ತುಂಬಾ ಹಗುರವಾಯಿತು.

ಆಸೆ ಏನಮ್ಮ ಅಂತ ಕೇಳಿದ್ದಕ್ಕೆ ಅಮ್ಮ ಹೇಳಿದ್ದು ಮೂರು. ಬಿಸಿಲು ಬಂದ ಮೇಲೆ ಮೊಮ್ಮಗಳ ಜೊತೆ ಈ ವರ್ಷದ ಸಂಡಿಗೆ ಹಾಕಬೇಕು. ನಾಲ್ಕು ದಿನ ಊರಿನ ಮನೆಯಲ್ಲಿ ಮಲಗಬೇಕು. ಬಾಯಿಗೆ ಮೂಗಿಗೆ ಪೈಪ್ ಹಾಕಬಾರದು. ವಾರ ವಾರ ಕೀಮೋ ಹಾಕಿಸಿಕೊಂಡಿದ್ದರೆ ಫೆಬ್ರವರಿ, ಮಾರ್ಚ್, ಏಪ್ರಿಲ್ ಪೂರ್ತಿ ಆಸ್ಪತ್ರೆ, ರಕ್ತ ಪರೀಕ್ಷೆ, ಸುಸ್ತು, ಮತ್ತೆ ಸೋಮವಾರ. ಅದನ್ನು ಕರುಣಾಶ್ರಯದವರು ಕ್ಯಾಲೆಂಡರ್ ತೋರಿಸಿಯೇ ವಿವರಿಸಿದರು, ಇಷ್ಟು ಸಿಗಬಹುದು, ಅದಕ್ಕೆ ಇಷ್ಟು ದಿನ ಕೊಡಬೇಕಾಗುತ್ತೆ ಅಂತ. ಅಮ್ಮ ಕ್ಯಾಲೆಂಡರ್ ನೋಡಿ, ತಮ್ಮ ಅಂಗೈ ನೋಡಿಕೊಂಡು, "ಸಾಕು ಕಣಮ್ಮಾ" ಅಂದರು. ತಮ್ಮನಿಗೂ ಫೋನಿನಲ್ಲಿ ಅವರೇ ಹೇಳಿದರು.

ಇನ್ನೊಂದು ಮಾತು. ಅಮ್ಮ ಹಾಗಂದರು ಅಂತ ಎಲ್ಲರೂ ಹಾಗೇ ಅನ್ನಬೇಕು ಅಂತ ನಾನು ಬರೆಯುತ್ತಿಲ್ಲ. ಮಗಳ ಮದುವೆ ಮೂರು ತಿಂಗಳಿದೆ, ಅಷ್ಟರವರೆಗೆ ಹೇಗಾದರೂ ಇರಬೇಕು ಅನ್ನುವವರಿಗೆ ಆ ನೂರಕ್ಕೆ ಹತ್ತು ಹದಿನೈದೇ ದೊಡ್ಡದು. ಕೀಮೋ ನಡೆಯುತ್ತಿರುವಾಗಲೇ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ಸಂಕಟ ಕಮ್ಮಿ ಮಾಡುವ ಆರೈಕೆಯ ಡಾಕ್ಟರನ್ನೂ ನೋಡಬಹುದು, ಇದು ನಮಗೆ ಯಾರೂ ಹೇಳಿರಲಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ಜನರ ಮೇಲೆ ಒಂದು ಅಧ್ಯಯನ ಮಾಡಿದ್ದರು, 2010ರಲ್ಲಿ ಅದು ಪ್ರಕಟವಾಯಿತು. ಕಾಯಿಲೆ ಗೊತ್ತಾದ ಕೂಡಲೇ ಚಿಕಿತ್ಸೆಯ ಜೊತೆಗೇ ಪ್ಯಾಲಿಯೇಟಿವ್ ಕೇರ್ ಸಿಕ್ಕವರು ಕೊನೆಯ ಹೊತ್ತಿನ ಜೋರು ಚಿಕಿತ್ಸೆ ಕಮ್ಮಿ ಮಾಡಿಸಿಕೊಂಡರು, ಮನಸ್ಸೂ ಹೆಚ್ಚು ಗಟ್ಟಿಯಾಗಿತ್ತು, ಆದರೂ ಸುಮಾರು 11.6 ತಿಂಗಳು ಬದುಕಿದರು, ಉಳಿದವರು 8.9 ತಿಂಗಳು. ನಮ್ಮ ಅಮ್ಮನ ಕಾಯಿಲೆ ಬೇರೆ, ಆ ಲೆಕ್ಕ ಹಾಗೇ ಹಾಕಲು ಬರುವುದಿಲ್ಲ. ಆದರೂ ಓದಿದಾಗ ಹೊಟ್ಟೆ ಉರಿಯಿತು, 2023ರಲ್ಲೇ ಇವರ ಹತ್ತಿರ ಮಾತಾಡಬಹುದಿತ್ತಲ್ಲ ಅಂತ.

ಈಗ ಮಾರ್ಫಿನ್ ವಿಷಯ. ಅಮ್ಮನಿಗೆ ಬೆನ್ನಿನಿಂದ ಹೊಟ್ಟೆಗೆ ಹಿಂಡುವ ನೋವಿತ್ತು, ಮೊದಲಿನ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ ಎರಡು ಗಂಟೆಯೂ ತಡೆಯುತ್ತಿರಲಿಲ್ಲ. ಮಾರ್ಫಿನ್ ಅಂದಾಗ "ಅಫೀಮು ಕೊಡ್ತಾರಂತೆ" ಅಂತ ಅಮ್ಮನೇ ಹೆದರಿದರು, ನಾನು ಚಟ ಹತ್ತುತ್ತೆ ಅಂತ ಹೆದರಿದೆ. ನರ್ಸ್ ಅರ್ಧ ಗಂಟೆ ಕೂತು ಹೇಳಿದರು. ನೋವಿಗೆ ಅಂತ ಲೆಕ್ಕದಲ್ಲಿ ತಗೊಂಡರೆ ಚಟದ ಭಯ ಇಟ್ಟುಕೊಳ್ಳಬೇಡಿ. ಮೊದಲೆರಡು ಮೂರು ದಿನ ವಾಕರಿಕೆ, ತೂಕಡಿಕೆ ಇರುತ್ತದೆ, ಹೋಗುತ್ತದೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ, ಅದಕ್ಕೇ ಜೊತೆಗೆ ಹೊಟ್ಟೆ ಸಡಿಲ ಆಗುವ ಮಾತ್ರೆ ದಿನಾ ಕೊಡಲೇಬೇಕು. ನೋವು ಬಂದ ಮೇಲೆ ಅಲ್ಲ, ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ಬೆಳಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತಕ್ಕೆ ಎರಡರಷ್ಟು, ಆಗ ನಡುರಾತ್ರಿ ಎಬ್ಬಿಸುವುದು ಬೇಡ. ಮಗಳ ಹಳೇ ನೋಟ್‌ಬುಕ್‌ನಲ್ಲಿ ಗೆರೆ ಹಾಕಿ ಕೊಟ್ಟೆ, ಅಮ್ಮನೇ ಬರೆಯುತ್ತಿದ್ದರು. ಮೊದಲ ದಿನ "ನೋವು 8". ಐದನೇ ದಿನ "ನೋವು 2, ಉಪ್ಪಿಟ್ಟು ತಿಂದೆ".

ಈ ಮಾತ್ರೆ ಎಲ್ಲಾ ಮೆಡಿಕಲ್ ಶಾಪಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸ್ ಕಾಟಕ್ಕೆ ಎಷ್ಟೋ ಆಸ್ಪತ್ರೆಗಳು ಇಡುವುದನ್ನೇ ಬಿಟ್ಟಿದ್ದವು. 2014ರಲ್ಲಿ ತಿದ್ದುಪಡಿ ಮಾಡಿ ಸುಲಭ ಮಾಡಿದ್ದಾರೆ, ಆದರೂ ಮಾನ್ಯತೆ ಇರುವ ಕಡೆಯಿಂದಲೇ ತರಬೇಕು. ಪ್ಯಾಲಿಯೇಟಿವ್ ಕೇರ್‌ನವರ ಜೊತೆ ನಂಟು ಇಟ್ಟುಕೊಳ್ಳಲು ಇದೊಂದೇ ಕಾರಣ ಸಾಕು.

ಪೈಪ್ ಬೇಡ ಅಂದಿದ್ದರಲ್ಲ, ಅದನ್ನು ಬರೆದಿಡಬಹುದು ಅಂತಲೂ ಡಾಕ್ಟರ್ ಹೇಳಿಕೊಟ್ಟರು. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿದೆ, 2023ರಲ್ಲಿ ಕ್ರಮ ಸುಲಭ ಮಾಡಿದೆ. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ. ನಮ್ಮ ಸರ್ಕಾರವೂ 2025ರ ಜನವರಿ ಕೊನೆಯಲ್ಲಿ ಆದೇಶ ಹೊರಡಿಸಿತು. ಅಮ್ಮ ಕನ್ನಡದಲ್ಲೇ ಸಹಿ ಹಾಕಿದರು.

ಮಾರ್ಚ್‌ನಲ್ಲಿ ಊರಿಗೆ ಹೋದೆವು. ಮಾತ್ರೆ, ಚೀಟಿ, ಯಾವುದಾದರೆ ಏನು ಮಾಡಬೇಕು ಅನ್ನುವ ಪಟ್ಟಿ, ಎಲ್ಲಾ ಒಂದು ಡಬ್ಬದಲ್ಲಿ ಹಾಕಿ ಕೊಟ್ಟಿದ್ದರು. ನಾಲ್ಕು ದಿನ ಅಂತ ಹೋದವರು ಒಂಬತ್ತು ದಿನ ಇದ್ದೆವು. ಸಂಡಿಗೆ ಅಲ್ಲೇ ಆಯಿತು. ಮಹಡಿ ಮೇಲೆ ಸೀರೆ ಕಟ್ಟಿ ನೆರಳು ಮಾಡಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆವು. ಹಿಟ್ಟು ಇನ್ನೂ ಬೇಯಬೇಕು, ಜೀರಿಗೆ ಸಾಲದು, ಖಾರ ಜಾಸ್ತಿ ಆಯ್ತು, ಅಲ್ಲಿಂದಲೇ ಹೇಳುತ್ತಿದ್ದರು. ಔಷಧಿ ನಿಲ್ಲಿಸಿ ಆಗಲೇ ಎರಡು ತಿಂಗಳಾಗಿತ್ತು, ಅಂಗೈಯಲ್ಲಿ ಹೊಸ ಚರ್ಮ ಬಂದಿತ್ತು, ಎಳೆ ಮಗುವಿನ ಕೈ ಥರ ನುಣ್ಣಗೆ. ಒರಳು ಇಸ್ಕೊಂಡು ತಾವೇ ಏಳು ಸಂಡಿಗೆ ಒತ್ತಿದರು. ಮಗಳು ಎಣಿಸಿದ್ದಳು.

ಏಪ್ರಿಲ್ ಕೊನೆಗೆ ಕರುಳು ಕಟ್ಟಿತು. ಏನು ತಿಂದರೂ ವಾಂತಿ, ಮನೆಯಲ್ಲಿ ನಮ್ಮ ಕೈಯಲ್ಲಿ ಆಗಲಿಲ್ಲ. ಫೋನ್ ಮಾಡಿದೆ, ಕರೆದುಕೊಂಡು ಬನ್ನಿ ಅಂದರು. ಅಲ್ಲಿ ಹನ್ನೊಂದು ದಿನ. ಹೊಟ್ಟೆಯ ನೀರು ತೆಗೆದರು, ಚರ್ಮದ ಕೆಳಗೆ ಸಣ್ಣ ಸೂಜಿ ಇಟ್ಟು ವಾಂತಿಗೂ ನೋವಿಗೂ ಔಷಧಿ ಕೊಟ್ಟರು. ಬೇರೆ ಯಾವ ಪೈಪೂ ಇಲ್ಲ. ಬಾಯಿ ಒಣಗಿದಾಗ ಒದ್ದೆ ಹತ್ತಿಯಿಂದ ಹೇಗೆ ಒರೆಸಬೇಕು ಅಂತ ನನಗೆ ಕಲಿಸಿದರು. ಕೊನೆ ಎರಡು ದಿನ ಉಸಿರು ಬಿಟ್ಟು ಬಿಟ್ಟು ಬರುತ್ತೆ, ಗಂಟಲಲ್ಲಿ ಗೊರ ಗೊರ ಅನ್ನುತ್ತೆ, ಅವರಿಗೆ ಅದರಿಂದ ತೊಂದರೆ ಆಗುತ್ತಿಲ್ಲ, ಹೆದರಬೇಡಿ ಅಂತ ಮೊದಲೇ ಹೇಳಿದ್ದರು. ಹಾಗೇ ಆಯಿತು. ಹೇಳದೇ ಇದ್ದಿದ್ದರೆ ನಾನು ಆಂಬ್ಯುಲೆನ್ಸ್ ಕರೆಸಿ ಐಸಿಯುಗೆ ಓಡುತ್ತಿದ್ದೆ. ತಮ್ಮ ಆ ಹೊತ್ತಿಗೆ ಬಂದಿದ್ದ, ಕಾಲು ಒತ್ತುತ್ತಾ ಕೂತಿದ್ದ.

ಹೋಗುವವರಿಗೆ ಎರಡು ಮಾತು. ಮೊದಲು ಫೋನ್ ಮಾಡಿ, ನಿಮ್ಮ ಏರಿಯಾಗೆ ಮನೆ ಭೇಟಿ ಇದೆಯಾ ಕೇಳಿ. ಬಯಾಪ್ಸಿ, ಕೊನೆಯ ಸ್ಕ್ಯಾನ್, ಡಿಸ್ಚಾರ್ಜ್ ಸಮರಿ ತಗೊಂಡು ಹೋಗಿ. ಮನೆಯಲ್ಲಿ ನೋಡಿಕೊಳ್ಳಲು ಒಬ್ಬರು ಇರಲೇಬೇಕು, ನರ್ಸ್ ದಿನಾ ಬಂದು ಕೂರುವುದಿಲ್ಲ, ನಮಗೆ ಹೇಳಿಕೊಟ್ಟು ಹೋಗುತ್ತಾರೆ. ಬೆಂಗಳೂರಿನಿಂದ ದೂರ ಇರುವವರು ತಾವು ಚಿಕಿತ್ಸೆ ಪಡೆಯುವ ಆಸ್ಪತ್ರೆಯಲ್ಲೇ ಪ್ಯಾಲಿಯೇಟಿವ್ ಕೇರ್ ವಿಭಾಗ ಇದೆಯಾ ಅಂತ ಬಾಯಿ ಬಿಟ್ಟು ಕೇಳಿ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಲ್ಲಿದೆ.

ತಿಥಿ ಎಲ್ಲಾ ಮುಗಿದ ಮೇಲೆ ಮನೆಯಲ್ಲಿ ಹದಿನಾಲ್ಕು ಮಾರ್ಫಿನ್ ಮಾತ್ರೆ ಉಳಿದಿದ್ದವು. ವಾಪಸ್ ಕೊಡಲು ಹೋದೆ, ಜೊತೆಗೆ ಒಂದು ಡಬ್ಬ ಸಂಡಿಗೆ. ಮನೆಗೆ ಬರುತ್ತಿದ್ದ ಅದೇ ನರ್ಸ್ ಇದ್ದರು. ಮಾತ್ರೆ ಎಣಿಸಿ, ಪುಸ್ತಕದಲ್ಲಿ ಬರೆದು, ನನ್ನ ಸಹಿ ತಗೊಂಡರು. ಆಮೇಲೆ ಪೆನ್ನು ಮುಚ್ಚಿಟ್ಟು, "ಊಟ ಆಯ್ತಾ ಅಕ್ಕಾ?" ಅಂದರು.